ಕೈ ಎತ್ತುವ ಮತವೋ, ಚೀಟಿಯ ಮತವೋ?



ನಾನು ಇಂದು ಮಾತಾಡಹೊರಟಿರುವ ವಿಷಯದ ಹೆಸರು ಕೇಳಿದ ಕೂಡಲೇ ನಿಮ್ಮಲ್ಲಿ ಕೆಲವರು ರೇಡಿಯೋದ ಕಿವಿ ಹಿಂಡಿ ಬೇರೆ ನಿಲಯಕ್ಕೆ ಹೋಗಿಯಾರು ಎಂಬ ಅಳುಕು ನನಗುಂಟು. ವಿಷಯ ಬ್ಲಾಕ್‌ಚೈನ್ ಮತ್ತು ಅದರೊಳಗಿನ ಮತದಾನ. ಹೆದರಬೇಡಿ. ನಾನು ಓದಿದ್ದು ಹತ್ತನೆಯ ತರಗತಿ. ಕಂಪ್ಯೂಟರ್ ಕಲಿತದ್ದು ಬ್ಯಾಂಕಿನಲ್ಲಿ, ಕಲಿಯದೆ ನಿರ್ವಾಹವಿಲ್ಲ ಎಂದಾದ ಮೇಲೆ. ನನಗೆ ತಿಳಿದಷ್ಟನ್ನೇ ಹೇಳುತ್ತೇನೆ. ನನಗೆ ತಿಳಿದದ್ದು ನಿಮಗೂ ತಿಳಿದೀತು.

ಕಳೆದ ಓಣಂ ರಜೆಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಊಟ ಮುಗಿಸಿ ಜಗಲಿಯಲ್ಲಿ ಕುಳಿತವನು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದ. ಏನು ಮಾಡುತ್ತಿದ್ದೀ ಎಂದು ಕೇಳಿದೆ.

"ವೋಟು ಹಾಕುತ್ತಿದ್ದೇನೆ ಮಾವ" ಎಂದ.

"ಯಾವ ಪಂಚಾಯತಿಗೆ ಮಾರಾಯ?"

"ಪಂಚಾಯತು ಅಂತಲೇ ಇಟ್ಟುಕೊಳ್ಳಿ. ಊರಿಲ್ಲದ ಪಂಚಾಯತು."

ಅವನು ತೋರಿಸಿದ ಪರದೆಯಲ್ಲಿ ಮತ ಹಾಕಿದವರ ಉದ್ದದ ಪಟ್ಟಿ ಇತ್ತು. ಹೆಸರುಗಳಲ್ಲ, ಉದ್ದುದ್ದದ ಅಂಕಿ ಅಕ್ಷರಗಳು. ಪ್ರತಿಯೊಂದರ ಎದುರು ಪರವೋ ವಿರೋಧವೋ ಎಂದೂ, ಎಷ್ಟು ಮತ ಎಂದೂ ಬರೆದಿತ್ತು. "ನೋಡಿ, ಇದು ನಾನು. ನನ್ನ ಮತ ಎಲ್ಲಿಗೆ ಹೋಯಿತೆಂದು ಲೋಕಕ್ಕೆಲ್ಲ ಕಾಣುತ್ತದೆ" ಎಂದ. ನಾನು, "ಇದು ಮತವೋ, ಕೋರ್ಟಿನ ಸಾಕ್ಷಿಯೋ?" ಎಂದೆ. ಅವನು ನಕ್ಕ. "ಕಾಣದಿದ್ದರೆ ಲೆಕ್ಕ ಸರಿಯಾಗಿದೆ ಎಂದು ನಂಬುವುದು ಹೇಗೆ ಮಾವ? ನೀವು ಬ್ಯಾಂಕಿನವರು, ನೀವೇ ಹೇಳಿ" ಎಂದ.

ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಓದಿ, ಅವನಲ್ಲಿ ಕೇಳಿ, ಯೋಚಿಸಿ ಮಾಡಿಕೊಂಡ ಉತ್ತರವೇ ಈ ಭಾಷಣ.

ಮೊದಲು ಬ್ಲಾಕ್‌ಚೈನ್ ಎಂದರೇನು? ಅದೊಂದು ಲೆಡ್ಜರ್, ಅಷ್ಟೆ. ಕೈಬರಹದ ಲೆಡ್ಜರುಗಳ ಕಾಲದಲ್ಲಿ ಪ್ರತಿ ಪುಟದ ತಲೆಯಲ್ಲಿ ಹಿಂದಿನ ಪುಟದಿಂದ ತಂದ ಮೊಬಲಗನ್ನು ಬರೆಯುತ್ತಿದ್ದೆವು. ನಡುವಿನ ಒಂದು ಪುಟವನ್ನು ಯಾರಾದರೂ ತಿದ್ದಿದರೆ ಅದರ ಮುಂದಿನ ಎಲ್ಲ ಪುಟಗಳ ಲೆಕ್ಕವೂ ತಪ್ಪುತ್ತಿತ್ತು; ಕಳ್ಳ ಸಿಕ್ಕಿಬೀಳುತ್ತಿದ್ದ. ಬ್ಲಾಕ್‌ಚೈನಿನಲ್ಲಿಯೂ ಹಾಗೆಯೇ. ಪ್ರತಿ ಪುಟಕ್ಕೂ ಹಿಂದಿನ ಪುಟದ ಸಾರಾಂಶದ ಮುದ್ರೆ ಇರುತ್ತದೆ. ಮೇಲಾಗಿ ಈ ಪುಸ್ತಕ ಒಂದು ಶಾಖೆಯ ಕಪಾಟಿನಲ್ಲಿಲ್ಲ, ಲೋಕದ ಸಾವಿರಾರು ಕಂಪ್ಯೂಟರುಗಳಲ್ಲಿ ಅದರ ಪ್ರತಿಗಳಿವೆ. ಸಾತೋಶಿ ನಾಕಾಮೋಟೋ ಎಂಬ ಹೆಸರಿನಲ್ಲಿ 2008ರಲ್ಲಿ ಪ್ರಕಟವಾದ ಬರಹದಿಂದ ಬಿಟ್‌ಕಾಯಿನ್ ಹುಟ್ಟಿ, 2009ರ ಜನವರಿಯಲ್ಲಿ ಅದರ ಮೊದಲ ಪುಟ ಬರೆಯಲಾಯಿತು. 2015ರಲ್ಲಿ ಬಂದ ಎಥೀರಿಯಂ ಎಂಬುದು ಹಣದ ಲೆಕ್ಕದ ಜೊತೆಗೆ ಕರಾರುಗಳನ್ನೂ ಪುಸ್ತಕದಲ್ಲಿ ಬರೆದಿಟ್ಟು, ಅವು ತಾವಾಗಿಯೇ ನಡೆಯುವಂತೆ ಮಾಡಿತು.

ಇದರಿಂದ ಹೊಸ ಬಗೆಯ ಸಂಘಗಳು ಹುಟ್ಟಿದವು. ಇವಕ್ಕೆ ಕಚೇರಿಯಿಲ್ಲ, ಕಾರ್ಯದರ್ಶಿಯಿಲ್ಲ. ಟೋಕನ್ ಎಂಬ ಪಾಲು ಕೊಂಡವರೇ ಸದಸ್ಯರು. ಬೊಕ್ಕಸದ ಹಣವನ್ನು ಯಾವುದಕ್ಕೆ ಖರ್ಚು ಮಾಡಬೇಕು, ಬಡ್ಡಿ ಎಷ್ಟಿರಬೇಕು ಎಂಬುದನ್ನೆಲ್ಲ ಅವರೇ ಮತ ಹಾಕಿ ತೀರ್ಮಾನಿಸುತ್ತಾರೆ. ಹೆಚ್ಚಿನ ಕಡೆ ತಲೆಗೊಂದು ಮತವಲ್ಲ, ಪಾಲಿಗೊಂದು ಮತ. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ: ಇಂಥ ಟೋಕನ್ ಕೊಳ್ಳಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ನನ್ನಲ್ಲಿಯೂ ಒಂದಿಲ್ಲ. ಆದರೆ ಅಲ್ಲಿ ಎದ್ದಿರುವ ಪ್ರಶ್ನೆ ನಮ್ಮ ಊರಿನ ಪ್ರಶ್ನೆಯೂ ಹೌದು. ಮತ ಗುಟ್ಟಾಗಿರಬೇಕೋ, ಬಯಲಾಗಿರಬೇಕೋ?

ಇದಕ್ಕೆ ನನ್ನದೇ ಒಂದು ಅನುಭವ ಹೇಳಬೇಕು. ಹಲವು ವರ್ಷಗಳ ಹಿಂದೆ ನಾನು ಸದಸ್ಯನಾಗಿರುವ ಒಂದು ಸಹಕಾರ ಸಂಘದ ಮಹಾಸಭೆ. ಸಂಘದ ಹೆಸರು ಬೇಡ. ಗೋದಾಮು ಕಟ್ಟಲು ಜಾಗ ಕೊಳ್ಳುವ ಠರಾವು ಬಂದಿತ್ತು. ಕ್ರಯ ಹೆಚ್ಚಾಯಿತೆಂದು ಚಹಾ ಕುಡಿಯುವಾಗ ಎಲ್ಲರೂ ಗುಸುಗುಸು ಹೇಳಿದವರೇ. ನನ್ನ ಪಕ್ಕದಲ್ಲಿದ್ದ ಅಡಿಕೆ ತೋಟದ ಹಿರಿಯರೊಬ್ಬರು, "ಆ ಗದ್ದೆಯಲ್ಲಿ ಮಳೆಗಾಲದಲ್ಲಿ ಮೊಣಕಾಲು ನೀರು ನಿಲ್ಲುತ್ತದೆ, ನಾನು ಚಿಕ್ಕಂದಿನಿಂದ ಕಂಡವ" ಎಂದು ಬೆಳಗಿನಿಂದ ಹೇಳುತ್ತಿದ್ದರು. ಕೊನೆಗೆ ಅಧ್ಯಕ್ಷರು, "ವಿರೋಧ ಇರುವವರು ಕೈ ಎತ್ತಿ" ಎಂದರು. ಕಾರ್ಯದರ್ಶಿ ಪೆನ್ನು ಹಿಡಿದು ಸಭೆಯತ್ತ ನೋಡುತ್ತಾ ನಿಂತರು.

ಹಿರಿಯರು ಕೈ ಎತ್ತಲಿಲ್ಲ. ಮುಂದಿನ ವಾರ ಅವರ ಬೆಳೆಸಾಲದ ನವೀಕರಣ ಕಮಿಟಿಯ ಮುಂದೆ ಬರುವುದಿತ್ತು. ನಾನೂ ಎತ್ತಲಿಲ್ಲ. ನನ್ನ ತಮ್ಮನ ಸಾಲಕ್ಕೆ ನಾನು ಜಾಮೀನು ನಿಂತಿದ್ದೆ. ಅವನ ಎರಡು ಕಂತು ಬಾಕಿ ಇತ್ತು. ನನ್ನ ಬಲಗೈ ಮಡಿಲಿನಲ್ಲಿಯೇ ಇತ್ತು. ಇಂದೂ ಆ ಕೈಯ ಭಾರ ನೆನಪಾಗುತ್ತದೆ. ಮಿನಿಟ್ಸ್ ಪುಸ್ತಕದಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದರು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಜಾಗ ಕೊಂಡದ್ದಾಯಿತು. ನೀರು ನಿಂತಿತು. ಗೋದಾಮು ಏಳಲಿಲ್ಲ.

ಬಯಲು ಮತದ ದೋಷ ಏನೆಂದು ಇದಕ್ಕಿಂತ ಹೆಚ್ಚು ನನಗೆ ಯಾರೂ ಕಲಿಸಬೇಕಾಗಿಲ್ಲ. ಹಾಗೆಂದು ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ 1872ರವರೆಗೆ ಮತದಾರರು ಎಲ್ಲರೆದುರು ಬಾಯಿಬಿಟ್ಟು ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಯಾರು ಯಾರಿಗೆ ಮತ ಕೊಟ್ಟರೆಂಬ ಪಟ್ಟಿಯನ್ನು ಅಚ್ಚು ಹಾಕಿಸಿ ಮಾರುವುದೂ ಇತ್ತು. ಒಕ್ಕಲುಗಳು ಧಣಿಯ ಮುಖ ನೋಡಿ ಹೆಸರು ಹೇಳುತ್ತಿದ್ದರು. ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತ್ಯಗಳು 1856ರಲ್ಲಿ ಗುಪ್ತ ಮತದಾನ ತಂದವು. ಇಂಗ್ಲೆಂಡ್ ಅದನ್ನು ನೋಡಿ ಕಲಿಯಿತು. ನಮ್ಮ ದೇಶದ 1951ರ ಜನಪ್ರಾತಿನಿಧ್ಯ ಕಾಯ್ದೆ, ಯಾರಿಗೆ ಮತ ಹಾಕಿದಿರಿ ಎಂದು ಹೇಳುವಂತೆ ಯಾವ ಮತದಾರನನ್ನೂ ಒತ್ತಾಯಿಸಬಾರದೆಂದು ವಿಧಿಸಿತು. ಯಾರಿಗೂ ಮತ ಹಾಕದವನ ಗುಟ್ಟನ್ನು ಕಾಪಾಡುವುದಕ್ಕಾಗಿಯೇ 2013ರಲ್ಲಿ ಸುಪ್ರೀಂ ಕೋರ್ಟು ಮತಯಂತ್ರದಲ್ಲಿ ನೋಟಾ ಗುಂಡಿ ಇಡಿಸಿತು. ಅದಕ್ಕೆ ಮೊದಲು ಹಾಗೆ ಮಾಡಬೇಕಾದರೆ ಮತಗಟ್ಟೆಯ ಅಧಿಕಾರಿಗೆ ಹೇಳಿ ಪುಸ್ತಕದಲ್ಲಿ ಬರೆಯಿಸಬೇಕಿತ್ತು; ಅಲ್ಲಿಗೆ ಗುಟ್ಟು ರಟ್ಟು.

ಈಗ ಮತಗಟ್ಟೆಯಲ್ಲಿ ಯಂತ್ರದ ಗುಂಡಿ ಒತ್ತಿದಾಗ ಪಕ್ಕದ ಪೆಟ್ಟಿಗೆಯ ಗಾಜಿನ ಹಿಂದೆ ಒಂದು ಚೀಟಿ 7 ಸೆಕೆಂಡು ಕಾಣುತ್ತದೆ. ಆಮೇಲೆ ಅದು ಒಳಗೆ ಬೀಳುತ್ತದೆ. ಆ ಚೀಟಿಯನ್ನು ನಿಮ್ಮ ಕೈಗೆ ಏಕೆ ಕೊಡುವುದಿಲ್ಲ ಎಂದು ಯೋಚಿಸಿದ್ದೀರಾ? ಬ್ಯಾಂಕಿನಲ್ಲಿ ಹಣ ಕಟ್ಟಿದರೆ ರಶೀದಿ ಕೊಡುತ್ತೇವೆ. ಮತಕ್ಕೆ ಮಾತ್ರ ರಶೀದಿಯಿಲ್ಲ. ರಶೀದಿ ಕೊಟ್ಟರೆ ಅದನ್ನು ಹೊರಗೆ ಒಯ್ದು ತೋರಿಸಿ ಹಣ ಪಡೆಯಬಹುದು. ಬೆದರಿಸುವವನು ಅದನ್ನು ತೋರಿಸೆಂದು ಪೀಡಿಸಲೂಬಹುದು. ನೀವು ಬೇಕೆಂದರೂ ನಿಮ್ಮ ಮತವನ್ನು ಇನ್ನೊಬ್ಬನಿಗೆ ಸಾಬೀತು ಮಾಡಲು ಆಗಬಾರದು. ಗುಪ್ತ ಮತದಾನದ ತಿರುಳು ಇದೇ. ಕಂಪ್ಯೂಟರ್ ವಿಜ್ಞಾನದ ಸಂಶೋಧಕರಾದ ಬೆನಾಲೋ ಮತ್ತು ಟ್ಯೂನ್‌ಸ್ಟ್ರಾ ಎಂಬವರು 1994ರಲ್ಲಿಯೇ ಇಂಥ ರಶೀದಿಯಿಲ್ಲದ ಮತದಾನದ ಬಗ್ಗೆ ಪ್ರಬಂಧ ಬರೆದರು.

ಅಳಿಯ ತೋರಿಸಿದ ಪರದೆಯಾದರೋ ಎಂದಿಗೂ ಅಳಿಯದ ರಶೀದಿ. ಹೆಸರಿನ ಬದಲು ಅಂಕಿಗಳಿದ್ದರೇನಾಯಿತು? ಖಾತೆ ಸಂಖ್ಯೆ ಯಾರದೆಂದು ಒಮ್ಮೆ ತಿಳಿದರೆ ಹಿಂದಿನ ಮುಂದಿನ ವ್ಯವಹಾರವೆಲ್ಲ ಬಯಲು. 2018ರಲ್ಲಿ ಫಿಲಿಪ್ ಡೈಯನ್, ಆರಿ ಜ್ಯೂಲ್ಸ್ ಮೊದಲಾದ ಅಮೆರಿಕದ ಸಂಶೋಧಕರು ಇನ್ನೂ ದೊಡ್ಡ ಅಪಾಯವೊಂದನ್ನು ತೋರಿಸಿಕೊಟ್ಟರು. ಇಂಥ ಕಡೆ ಲಂಚ ಕೊಡುವ ಕೆಲಸವನ್ನೂ ಕರಾರಿಗೇ ವಹಿಸಬಹುದು. ಮತ ಬಿದ್ದದ್ದನ್ನು ಕರಾರು ತಾನೇ ನೋಡಿ ತಾನೇ ಹಣ ಪಾವತಿ ಮಾಡುತ್ತದೆ. ಲಂಚ ಕೊಡುವವನಿಗೂ ಪಡೆಯುವವನಿಗೂ ಮುಖಪರಿಚಯ ಬೇಡ, ಪರಸ್ಪರ ನಂಬಿಕೆಯೂ ಬೇಡ.

ಹಾಗಾದರೆ ಎಲ್ಲವನ್ನೂ ಮುಚ್ಚಿಬಿಡಬೇಕೇ? ಅಲ್ಲಿಯೇ ನನ್ನ ಬ್ಯಾಂಕಿನ ಬುದ್ಧಿ ತಡೆಯಿತು. ಎರಡನೆಯ ಕಥೆ ಕೇಳಿ.

ಸ್ಟೀಮ್ ಎಂಬುದೊಂದು ಬ್ಲಾಕ್‌ಚೈನ್. ಬರೆಯುವವರೂ ಓದುವವರೂ ಸೇರುವ ಜಾಗ ಅದು. ಪುಸ್ತಕ ಬರೆದಿಡುವ ಕೆಲಸಕ್ಕೆ ಪಾಲುದಾರರು ಇಪ್ಪತ್ತು ಮಂದಿ ಪ್ರಮುಖರನ್ನು ಮತ ಹಾಕಿ ಆರಿಸುತ್ತಿದ್ದರು. ಅವರನ್ನು ಸಾಕ್ಷಿಗಳೆಂದೇ ಕರೆಯುತ್ತಿದ್ದರು. 2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಸಂಸ್ಥೆಯ ಜಸ್ಟಿನ್ ಸನ್, ಸ್ಟೀಮಿಟ್ ಕಂಪನಿಯನ್ನು ಕೊಂಡರು. ಕಂಪನಿಯ ಬಳಿ ಮೊದಲಿನಿಂದಲೂ ಇದ್ದ ದೊಡ್ಡ ಪಾಲನ್ನು ಮತಕ್ಕೆ ಬಳಸಿ ಎಲ್ಲವನ್ನೂ ಕೈವಶ ಮಾಡಿಕೊಂಡಾರೆಂದು ಹೆದರಿ ಸಾಕ್ಷಿಗಳು ಆ ಪಾಲನ್ನು ತಡೆಹಿಡಿದರು. ಮಾರ್ಚ್ 2ರಂದು ಒಮ್ಮೆಲೇ ಬಲ ತಿರುಗಿತು. ಬೈನಾನ್ಸ್, ಹುವೋಬಿ, ಪೊಲೊನಿಯೆಕ್ಸ್ ಎಂಬ ಮೂರು ವಿನಿಮಯ ಕೇಂದ್ರಗಳು ತಮ್ಮಲ್ಲಿ ಗಿರಾಕಿಗಳು ಇರಿಸಿದ್ದ ಟೋಕನುಗಳಿಂದಲೇ ಮತ ಹಾಕಿದ್ದವು. ಹಳೆಯ ಇಪ್ಪತ್ತೂ ಮಂದಿ ಕೆಳಗಿಳಿದರು.

ಬ್ಯಾಂಕಿನಲ್ಲಿ ದುಡಿದವನಿಗೆ ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ನೀವು ಇಟ್ಟ ಠೇವಣಿಯ ಬಲದಲ್ಲಿ ಬ್ಯಾಂಕಿನ ಮೇನೇಜರು ನಿಮ್ಮನ್ನು ಕೇಳದೆ ನಿಮ್ಮ ಹೆಸರಲ್ಲಿ ಮತ ಹಾಕಿದ ಹಾಗಾಯಿತು! ಆದರೆ ಗಮನಿಸಿ, ಇದು ತಿಳಿದುಬಂದದ್ದು ಹೇಗೆ? ಮತ ಬಯಲಾಗಿದ್ದುದರಿಂದ. ಯಾವ ಖಾತೆಯಿಂದ ಎಷ್ಟು ಮತ ಬಿತ್ತೆಂದು ಯಾರು ಬೇಕಾದರೂ ನೋಡಬಹುದಾಗಿತ್ತು. ಗದ್ದಲ ಎದ್ದಿತು. ಮಾಮೂಲು ಸುಧಾರಣೆಯೆಂದು ತಿಳಿದು ಒಪ್ಪಿದೆವೆಂದು ಬೈನಾನ್ಸಿನ ಮುಖ್ಯಸ್ಥರು ಹೇಳಬೇಕಾಯಿತು. ಬೈನಾನ್ಸ್ ಮತ್ತು ಹುವೋಬಿ ಮತ ಹಿಂದೆಗೆದುಕೊಂಡವು. ಅಸಮಾಧಾನಗೊಂಡವರು ಅದೇ ತಿಂಗಳು 20ರಂದು ಪುಸ್ತಕದ ಪ್ರತಿಯೊಂದನ್ನು ತೆಗೆದುಕೊಂಡು ಹೈವ್ ಎಂಬ ಬೇರೆ ಮನೆ ಮಾಡಿದರು. ಅಂದು ಮತ ಗುಪ್ತವಾಗಿದ್ದರೆ, ಸದಸ್ಯರು ಮನಸ್ಸು ಬದಲಾಯಿಸಿದರೆಂದೇ ಎಲ್ಲರೂ ನಂಬುತ್ತಿದ್ದರು.

ಅಳಿಯನ ಮಾತಿನಲ್ಲಿಯೂ ಹುರುಳಿದೆ ಎಂದು ನನಗೆ ಅನಿಸಿದ್ದು ಈ ಕಥೆಯಿಂದ. ಆದರೂ ಬಯಲು ಎಂಬುದು ಸರ್ವರೋಗಕ್ಕೂ ಮದ್ದಲ್ಲ. 2022ರ ಏಪ್ರಿಲ್ 17ರಂದು ಬೀನ್‌ಸ್ಟಾಕ್ ಎಂಬ ಯೋಜನೆಯಲ್ಲಿ ನಡೆದದ್ದನ್ನು ನೋಡಿ. ಒಬ್ಬಾತ ಹಿಂದಿನ ದಿನವೇ ಒಂದು ಠರಾವು ಮಂಡಿಸಿಟ್ಟಿದ್ದ. ಮರುದಿನ ಸುಮಾರು 100 ಕೋಟಿ ಡಾಲರು ಕ್ಷಣಿಕ ಸಾಲ ತೆಗೆದು, ಆ ಬಲದಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಮತ ಪಡೆದು, ಠರಾವು ಪಾಸು ಮಾಡಿ, ಬೊಕ್ಕಸ ಬರಿದು ಮಾಡಿ, ಸಾಲವನ್ನೂ ಅದೇ ಉಸಿರಿನಲ್ಲಿ ತೀರಿಸಿಬಿಟ್ಟ. ಯೋಜನೆಗೆ ಆದ ನಷ್ಟ ಸುಮಾರು 18 ಕೋಟಿ 20 ಲಕ್ಷ ಡಾಲರು. ಎಲ್ಲವೂ ಬಯಲಿನಲ್ಲಿ, ನಿಯಮದ ಪ್ರಕಾರವೇ ನಡೆಯಿತು! ಕಂಪನಿಗಳು ಡಿವಿಡೆಂಡಿಗೆ ಮೊದಲು ಒಂದು ದಿನ ಗೊತ್ತುಮಾಡಿ, ಆ ದಿನ ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ ಮಾತ್ರ ಪಾಲು ಕೊಡುತ್ತವಲ್ಲ, ಹಾಗೆ ಹಿಂದಿನ ಒಂದು ದಿನದ ಪಾಲಿನ ಪ್ರಕಾರ ಮಾತ್ರ ಮತ ಎಣಿಸಿದ್ದರೆ ಈ ಆಟ ನಡೆಯುತ್ತಿರಲಿಲ್ಲ. ಅನೇಕ ಸಂಘಗಳು ಹಾಗೆಯೇ ಮಾಡುತ್ತವೆ.

ಇನ್ನೊಂದು ಕಾಂಪೌಂಡ್ ಎಂಬ ಸಂಘದ್ದು. 2024ರ ಜುಲೈ ಕೊನೆಯಲ್ಲಿ, ಒಂದು ಗುಂಪು ತಾನೇ ಹುಟ್ಟುಹಾಕಿದ ನಿಧಿಗೆ ಸಂಘದ 4,99,000 ಟೋಕನುಗಳನ್ನು, ಅಂದರೆ ಸುಮಾರು 2 ಕೋಟಿ 40 ಲಕ್ಷ ಡಾಲರು ಬೆಲೆಯದನ್ನು, ಕೊಡಿಸುವ ಠರಾವು ತಂದಿತು. ಪರ 6,82,191, ವಿರೋಧ 6,33,636. ಠರಾವು ಪಾಸಾಯಿತು. ಆ ಗುಂಪು ಮತ ಕೂಡಿಸುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಕಂಡರೇನು, ಮತ ಹಾಕಲು ಬರಬೇಕಾದವರು ಸಾಕಷ್ಟು ಬರಲಿಲ್ಲ. ಗುಲ್ಲೆದ್ದ ಬಳಿಕ ಎರಡು ದಿನಗಳಲ್ಲಿ ರಾಜಿಯಾಗಿ ಠರಾವು ರದ್ದಾಯಿತು. ಬಾಗಿಲು ತೆರೆದಿಟ್ಟರೆ ಸಾಲದು, ಕಾಯುವವರು ಎಚ್ಚರವಾಗಿಯೂ ಇರಬೇಕು.

ಈಗ ಪರಿಹಾರಗಳ ಕಡೆಗೆ ಬರೋಣ. ಮೊದಲನೆಯದು ಬಹಳ ಸುಲಭ. ನಮ್ಮಲ್ಲಿ ಟೆಂಡರು ಕರೆದಾಗ ಎಲ್ಲರ ಲಕೋಟೆಗಳೂ ಮೊಹರು ಮಾಡಿದ ಪೆಟ್ಟಿಗೆಯಲ್ಲಿರುತ್ತವೆ. ಗಂಟೆ ಹೊಡೆದ ಮೇಲೆ ಎಲ್ಲರೆದುರು ಒಡೆಯುತ್ತಾರೆ. ಹಾಗೆ ಮತದಾನ ಮುಗಿಯುವ ತನಕ ಮತಗಳನ್ನು ಬೀಗ ಹಾಕಿಟ್ಟು ಆಮೇಲೆ ತೆರೆಯುವ ಕ್ರಮವನ್ನು ಶಟರ್ ಎಂಬ ತಂಡದವರು ಸ್ನಾಪ್‌ಶಾಟ್ ಎಂಬ ಮತದಾನ ವೇದಿಕೆಯಲ್ಲಿ 2022ರಲ್ಲಿ ತಂದರು. ದೊಡ್ಡವರ ಮತ ನೋಡಿ ಅತ್ತ ವಾಲುವುದೂ, ಎಣಿಕೆ ನೋಡಿ ಕೊನೆಯ ಗಳಿಗೆಯಲ್ಲಿ ಮುಗಿಬೀಳುವುದೂ ಇದರಿಂದ ತಪ್ಪುತ್ತದೆ. ಆದರೆ ಲಕೋಟೆ ಒಡೆದ ಮೇಲೆ ಯಾರ ಮತ ಯಾವುದೆಂದು ತಿಳಿಯುತ್ತದೆ. ನನ್ನ ಪಕ್ಕದ ಹಿರಿಯರಿಗೆ ಇದರಿಂದ ಪ್ರಯೋಜನವಿಲ್ಲ. ಅವರ ಸಾಲ ಮುಂದಿನ ವಾರ ತಾನೆ?

ಎರಡನೆಯದು ಎಥೀರಿಯಂ ಕಟ್ಟಿದ ವಿಟಾಲಿಕ್ ಬುಟೆರಿನ್ 2019ರಲ್ಲಿ ಸೂಚಿಸಿದ ಮ್ಯಾಕಿ ಎಂಬ ಕ್ರಮ. ಇದರಲ್ಲಿ ನೀವು ಬೀಗ ಹಾಕಿದ ಲಕೋಟೆಯಲ್ಲಿ ಮತ ಕಳಿಸುತ್ತೀರಿ. ಲಕೋಟೆ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಲಂಚ ಕೊಟ್ಟವನ ಎದುರಿಗೆ ಅವನಿಗೆ ಬೇಕಾದಂತೆ ಹಾಕಿದ ಮತವನ್ನು ಆಮೇಲೆ ಇನ್ನೊಂದು ಲಕೋಟೆ ಹಾಕಿ ನೀವು ರದ್ದು ಮಾಡಬಹುದು. ಅವನಿಗೆ ಅದು ಎಂದೂ ಗೊತ್ತಾಗದು. ನಂಬಿಕೆಯಿಲ್ಲದ ಸರಕಿಗೆ ಯಾರು ಹಣ ಕೊಡುತ್ತಾರೆ? ಲಂಚದ ಮೂಲವೇ ಬತ್ತುತ್ತದೆ.

ಎಣಿಸುವವನು ಮೋಸ ಮಾಡಿದರೆ? ಅದಕ್ಕೂ ಒಂದು ಉಪಾಯವುಂಟು. ಗುಟ್ಟು ಬಿಟ್ಟುಕೊಡದೆ ನಿಜವನ್ನು ಸಾಬೀತು ಮಾಡುವ ಈ ವಿದ್ಯೆಯನ್ನು ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಎಂಬ ಮೂವರು 1985ರಲ್ಲಿ ತೋರಿಸಿಕೊಟ್ಟರು. ಅಳಿಯ ನನಗೆ ವಿವರಿಸಿದ್ದು ಹೀಗೆ. ಬಣ್ಣಗುರುಡಿರುವ ಗೆಳೆಯನ ಕೈಯಲ್ಲಿ ಕೆಂಪು ಒಂದು, ಹಸಿರು ಒಂದು ಗೋಲಿಗಳಿವೆ. ಅವನಿಗೆ ಎರಡೂ ಒಂದೇ. ಅವು ಬೇರೆ ಬೇರೆ ಎಂದು ನೀವು ಅವನಿಗೆ ತೋರಿಸಿಕೊಡಬೇಕು, ಆದರೆ ಕೆಂಪು ಯಾವುದೆಂದು ಹೇಳಬಾರದು. ಅವನು ಬೆನ್ನ ಹಿಂದೆ ಗೋಲಿಗಳನ್ನು ಅದಲುಬದಲು ಮಾಡಿಯೋ ಮಾಡದೆಯೋ ಮುಂದೆ ಹಿಡಿಯುತ್ತಾನೆ. ಬದಲಾಯಿತೋ ಇಲ್ಲವೋ ಎಂದು ನೀವು ಹೇಳುತ್ತೀರಿ. 20 ಸಲವೂ ನೀವು ಸರಿಯಾಗಿ ಹೇಳಿದರೆ, ಅದು ಬರೀ ಊಹೆಯಾಗಿರುವ ಸಂಭವ 10 ಲಕ್ಷದಲ್ಲಿ ಒಂದಕ್ಕಿಂತಲೂ ಕಡಿಮೆ. ಗೆಳೆಯ ನಂಬಲೇಬೇಕು. ಆದರೂ ಕೆಂಪು ಯಾವುದೆಂದು ಅವನಿಗೆ ತಿಳಿಯಲಿಲ್ಲ. ಇದೇ ಬಗೆಯ ಲೆಕ್ಕದಿಂದ, ಮತಗಳನ್ನು ತೋರಿಸದೆಯೇ ಎಣಿಕೆ ಸರಿಯೆಂದು ಮ್ಯಾಕಿಯಲ್ಲಿ ಸಾಬೀತು ಮಾಡುತ್ತಾರೆ. ಎಣಿಸುವವನು ಲೆಕ್ಕ ತಿರುಚಲಾರ. ಆದರೆ ಮತಗಳನ್ನು ಅವನೊಬ್ಬ ನೋಡಬಲ್ಲ. ಅವನು ಬಾಯಿ ಬಿಡದವನಾಗಿರಬೇಕು. ಅಷ್ಟು ಕೊರತೆ ಅದರಲ್ಲಿಯೂ ಇದೆ.

ಸದಸ್ಯರು ಕಡಿಮೆಯಿದ್ದರೆ ಯಾವ ಬೀಗವೂ ಸಾಲದು ಎಂಬುದನ್ನೂ ಮರೆಯಬಾರದು. ನೂರು ಮತದಲ್ಲಿ ನಲವತ್ತು ಒಬ್ಬನದೇ ಆಗಿದ್ದರೆ ಒಟ್ಟು ಮೊತ್ತವೇ ಅವನ ಗುಟ್ಟು ಹೇಳಿಬಿಡಬಹುದು. ನಮ್ಮಲ್ಲಿಯೂ ಮತಗಟ್ಟೆವಾರು ಲೆಕ್ಕ ಹೊರಬಿದ್ದಾಗ ಯಾವ ಕೇರಿ ಯಾರಿಗೆ ಮತ ಹಾಕಿತೆಂದು ತಿಳಿಯುತ್ತದಲ್ಲವೇ? ಅದಕ್ಕಾಗಿಯೇ ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಎಣಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಸಲಹೆ ಮಾಡಿತ್ತು.

ಇಷ್ಟೆಲ್ಲ ಆದ ಮೇಲೆ ನನ್ನ ಉತ್ತರವೇನು? ಅದು ನನಗೆ ಸಿಕ್ಕಿದ್ದು ಬ್ಯಾಂಕಿನಲ್ಲಿಯೇ. ಕೆಲಸಕ್ಕೆ ಸೇರಿದ ದಿನ ನಾವು ಒಂದು ಪ್ರತಿಜ್ಞಾಪತ್ರಕ್ಕೆ ರುಜು ಹಾಕಬೇಕು. ನಿಷ್ಠೆ ಮತ್ತು ಗೌಪ್ಯದ ಪ್ರತಿಜ್ಞೆ ಅದು. ಗಿರಾಕಿಯ ಖಾತೆಯಲ್ಲಿ ಎಷ್ಟಿದೆಯೆಂದು ಹೊರಗೆ ಹೇಳಬಾರದು. ಆದರೆ ಅದೇ ಬ್ಯಾಂಕಿನ ಜಮಾಖರ್ಚಿನ ತಖ್ತೆಯನ್ನು ವರ್ಷವರ್ಷವೂ ಪ್ರಕಟಿಸಬೇಕು. ಲೆಕ್ಕ ಪರಿಶೋಧಕರು ಬಂದು ವೋಚರುಗಳನ್ನು ನೋಡಬೇಕು. ಗಿರಾಕಿಯದು ಗುಟ್ಟು, ಬ್ಯಾಂಕಿನದು ಬಯಲು. ಎರಡೂ ಒಂದೇ ಕಟ್ಟಡದಲ್ಲಿ ನಡೆದುಕೊಂಡು ಬಂದಿವೆ.

ಮತಕ್ಕೂ ಇದನ್ನೇ ಅನ್ವಯಿಸಿ ನೋಡಿ. ಇಂಗ್ಲೆಂಡಿನ ತತ್ತ್ವಜ್ಞ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಗುಪ್ತ ಮತದಾನವನ್ನು ವಿರೋಧಿಸಿದ್ದ. ಮತವೆಂಬುದು ಸ್ವಂತದ ಸೊತ್ತಲ್ಲ, ಊರು ವಹಿಸಿಕೊಟ್ಟ ಹೊಣೆ, ಅದನ್ನು ಊರಿನ ಕಣ್ಣೆದುರೇ ನಡೆಸಬೇಕು ಎಂಬುದು ಅವನ ವಾದ. ಸಾಲಗಾರನ ಭಯವನ್ನು ಆತ ಸಾಕಷ್ಟು ತೂಗಲಿಲ್ಲವೆಂದು ನನ್ನ ಅನಿಸಿಕೆ. ಆದರೆ ಬೇರೆಯವರ ಪರವಾಗಿ ಮತ ಹಾಕುವವನಿಗೆ ಆ ಮಾತು ಪೂರ್ತಿ ಸಲ್ಲುತ್ತದೆ. ನಮ್ಮ ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು ತಮ್ಮ ಪಕ್ಷದ ಏಜೆಂಟನಿಗೆ ಮತಪತ್ರ ತೋರಿಸಿ ಹಾಕಬೇಕೆಂದು 2003ರಲ್ಲಿ ಕಾನೂನು ತಿದ್ದಿದರು; 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಾಸಕ ಪ್ರತಿನಿಧಿ, ನಾವು ನೀವು ಮತದಾರರು. ಇಬ್ಬರಿಗೂ ಒಂದೇ ಅಳತೆ ಹಿಡಿಯಲಾಗದು.

ಆದ್ದರಿಂದ ಅಳಿಯನಿಗೆ ನಾನು ಹೇಳಿದ್ದು ಇಷ್ಟು: ಸ್ವಂತ ಪಾಲಿನ ಸಣ್ಣ ಸದಸ್ಯನ ಮತಕ್ಕೆ ಬೀಗವಿರಲಿ. ಬೇರೆಯವರ ಪಾಲನ್ನು ಹಿಡಿದು ಮತ ಹಾಕುವವನು, ಅವನು ವಿನಿಮಯ ಕೇಂದ್ರವಿರಲಿ, ಪ್ರತಿನಿಧಿಯಿರಲಿ, ಬಯಲಿನಲ್ಲಿಯೇ ಹಾಕಲಿ. ಎಣಿಕೆಯನ್ನಂತೂ ಯಾರು ಬೇಕಾದರೂ ಪರೀಕ್ಷಿಸುವಂತಿರಲಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಂತ ಪಾಲೇ ನಲವತ್ತು ಇರುವವನನ್ನು ಯಾವ ಕಡೆ ಸೇರಿಸುತ್ತೀರಿ ಮಾವ?" ಎಂದು ಕೇಳಿದ. ಅದು ಕಷ್ಟದ ಪ್ರಶ್ನೆ. ಅಷ್ಟು ದೊಡ್ಡವನ ಮತ ಉಳಿದವರ ಗತಿಯನ್ನೂ ನಿರ್ಧರಿಸುವುದರಿಂದ ಅವನನ್ನು ಬಯಲಿನ ಕಡೆಗೇ ಸೇರಿಸುತ್ತೇನೆ ಎಂದೆ. ಅವನು ಪೂರ್ತಿ ಒಪ್ಪಲಿಲ್ಲ. ನೀವೂ ಯೋಚಿಸಿ.

ಈ ಮಾತು ಮುಗಿಸುವ ಮೊದಲು ನಮ್ಮ ಸಂಘದ ವಿಷಯ. ಆ ಹಿರಿಯರು ಈಗಿಲ್ಲ. ತಮ್ಮನ ಸಾಲ ತೀರಿ ಎಷ್ಟೋ ಕಾಲವಾಯಿತು. ಈ ಸಲದ ಮಹಾಸಭೆಯಲ್ಲಿ ನಾನು ಎದ್ದು ನಿಂತು, ಜಾಗ ಜಮೀನಿನಂಥ ದೊಡ್ಡ ಖರ್ಚಿನ ಠರಾವುಗಳಿಗೆ ಕೈ ಎತ್ತಿಸುವುದು ಬೇಡ, ಚೀಟಿಯಲ್ಲಿ ಮತ ಹಾಕಿಸಿ, ಎಣಿಕೆಯನ್ನು ಎಲ್ಲರೆದುರು ಮಾಡಿ ಎಂದು ಕೇಳಿದೆ. ಅಧ್ಯಕ್ಷರು, "ಆಗಲಿ ಅಣ್ಣ, ಮುಂದಿನ ವರ್ಷ ನೋಡುವ" ಎಂದರು. ಆ ಮಾತನ್ನು ಮಿನಿಟ್ಸ್ ಪುಸ್ತಕದಲ್ಲಿ ಬರೆಯಿಸಿ, ಬರೆದದ್ದನ್ನು ಓದಿಸಿ ಕೇಳಿಕೊಂಡು ಮನೆಗೆ ಬಂದೆ. ಮುಂದಿನ ವರ್ಷ ಮತ್ತೆ ಹೋಗುತ್ತೇನೆ. ನಿಮ್ಮ ಊರಿನ ಸಂಘದಲ್ಲಿ ನೀವೂ ಒಮ್ಮೆ ಕೇಳಿ ನೋಡಿ.